ಗೋಡೆಯಾಚೆಯ ಹಲ್ಲಿ

ಅವರ ಎರಡೂ ಕಿವಿಯ ಹಾಲೆಗಳಲ್ಲಿ ನನ್ನ ಕಿರುಬೆರಳು ಸಲೀಸಾಗಿ ತೂರುವಷ್ಟು ದೊಡ್ಡ ತೂತುಗಳಿದ್ದವು. ಒಡವೆ ಏನೂ ಇರಲಿಲ್ಲ, ಬರೀ ತೂತು. ಬಾಲ್ಕನಿಯಲ್ಲಿ ಕೂತು ತಲೆವಸ್ತ್ರ ಬಿಗಿಮಾಡಿಕೊಳ್ಳುವಾಗ ಆ ತೂತಿನೊಳಗಿಂದ ಆಚೆಯ ಬಿಸಿಲು ಕಾಣುತ್ತಿತ್ತು. ನಮ್ಮ ಅಜ್ಜಿಯ ಕಿವಿಯೂ ಹಾಗೆಯೇ, ಜೀವಮಾನವೆಲ್ಲ ಬೆಂಡೋಲೆ ಹೊತ್ತು ಜೋತುಬಿದ್ದ ಕಿವಿ. ಧಾರವಾಡದಿಂದ ಸಿಡ್ನಿಗೆ ಬಂದ ಮೊದಲ ವರ್ಷ ಅದು. ಅಜ್ಜಿಯ ಕಿವಿಯನ್ನು ಯಾರೋ ತಂದು ಪಕ್ಕದ ಮನೆಯವರ ತಲೆಗೆ ಅಂಟಿಸಿದಂತೆ ಕಂಡು, ನಾನು ನಾಚಿಕೆ ಬಿಟ್ಟು ದಿಟ್ಟಿಸಿದ್ದೆ.

ಅವರು ದಕ್ಷಿಣ ಆಫ್ರಿಕಾದ ಜುಲು ಜನ. ಎಪ್ಪತ್ತರ ಹತ್ತಿರದ ವಯಸ್ಸು. ಮಗಳು ವೆಸ್ಟ್‌ಮೀಡಿನ ಆಸ್ಪತ್ರೆಯಲ್ಲಿ ನರ್ಸ್; ಅಪ್ಪ ತೀರಿಕೊಂಡ ಮೇಲೆ ತಾಯಿಯನ್ನು ತನ್ನ ಬಳಿ ಕರೆಸಿಕೊಂಡಿದ್ದಳು. ನಾವು ಅವರನ್ನು ಗೋಗೊ ಎಂದೇ ಕರೆದೆವು. ಅವರ ಭಾಷೆಯಲ್ಲಿ ಹಾಗೆಂದರೆ ಅಜ್ಜಿ. ಅವರ ಹೆಸರು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ, ಯಾಕೆಂದು ಕೊನೆಗೆ ಹೇಳುತ್ತೇನೆ.

ಇನ್ನೊಂದು ಮಾತು. ನಮ್ಮಿಬ್ಬರ ನಡುವೆ ಇದ್ದದ್ದು ಅರೆಬರೆ ಇಂಗ್ಲಿಷ್. ಅವರದು ಡರ್ಬನ್ನಿನಲ್ಲಿ ಮನೆಗೆಲಸ ಮಾಡುತ್ತ ಕಲಿತದ್ದು, ನನ್ನದು ಕರ್ನಾಟಕ ಕಾಲೇಜಿನಲ್ಲಿ ಬಾಯಿಪಾಠ ಮಾಡಿ ಪಾಸಾದದ್ದು. ಆದರೆ ನೆನಪಿನಲ್ಲಿ ಅವರು ಧಾರವಾಡದ ಮಾತನ್ನೇ ಆಡುತ್ತಾರೆ. ಹಾಗೇ ಬರೆಯುತ್ತೇನೆ.

ವೆಸ್ಟ್‌ಮೀಡ್ ಸ್ಟೇಷನ್ನಿಗೆ ಹತ್ತಿರದ ಕೆಂಪಿಟ್ಟಿಗೆಯ ಹಳೆಯ ಕಟ್ಟಡದಲ್ಲಿ ಎರಡು ಕೋಣೆಯ ಫ್ಲ್ಯಾಟು ನಮ್ಮದು. ಪಕ್ಕದ ಮನೆಯವರು ಬ್ರೆಡ್ಡಿಗೆ ಬೆಣ್ಣೆ ಸವರುವ ಸದ್ದೂ ಕೇಳುವಷ್ಟು ತೆಳು ಗೋಡೆ. ಆ ಗೋಡೆಗೆ ಒರಗಿಸಿದ ಪುಸ್ತಕದ ಕಪಾಟಿನ ಮೇಲಿನ ಅರೆಯಲ್ಲಿ ನಮ್ಮ ದೇವರು. ಊದುಬತ್ತಿ ಹಚ್ಚಿದರೆ ಹೊಗೆಯ ಅಲಾರಂ ಕೂಗಿಕೊಳ್ಳುತ್ತಿತ್ತು, ಆದ್ದರಿಂದ ಬರೀ ದೀಪ. ದೀಪಕ್ಕಾದರೂ ಅಡ್ಡಿಯಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ದಿನಕ್ಕೆ ಮೂರು ಒಳ್ಳೆಯದನ್ನಾದರೂ ನೆನೆದು ಕೈಮುಗಿಯಬೇಕೆಂದು ನಮ್ಮ ತಾಯಿ ಕಲಿಸಿದ್ದಳು. ಆ ವರ್ಷ ಎರಡಕ್ಕೇ ನಿಂತುಬಿಡುತ್ತಿದ್ದೆ. ನಮ್ಮ ಪುಟ್ಟೂಗೆ ಎರಡೂವರೆ ವರ್ಷ ತುಂಬಿತ್ತು, ಬಾಯಲ್ಲಿ ಒಂದು ಮಾತಿಲ್ಲ. ಕಿವಿ ಚೆನ್ನಾಗಿತ್ತು, ಕರೆದರೆ ತಿರುಗುತ್ತಿದ್ದ, ನಗುತ್ತಿದ್ದ. ಬೇಕಾದ್ದನ್ನು ನನ್ನ ಕೈ ಹಿಡಿದು ಎಳೆದೊಯ್ದು ತೋರಿಸುತ್ತಿದ್ದ. ಅಷ್ಟೇ. ‘ಅಮ್ಮ’ ಎಂಬ ಒಂದು ಶಬ್ದಕ್ಕಾಗಿ ನಾನು ಹೊರದ ಹರಕೆಯಿಲ್ಲ.

ಒಂದು ಸಂಜೆ ದೀಪ ಹಚ್ಚಿ, ‘ಈ ಕೂಸು ಮಾತಾಡ್ತದೋ ಇಲ್ಲೋ, ಹೇಳಪ್ಪಾ’ ಎಂದು ಕಣ್ಣು ಮುಚ್ಚಿದೆ. ಗೋಡೆಯಿಂದ ಸ್ಪಷ್ಟವಾಗಿ ಕೇಳಿಸಿತು: ಲೊಚ್, ಲೊಚ್.

ಮನಸ್ಸಿನಲ್ಲಿ ಒಂದು ಮಾತು ನೆನೆದಾಗ ಹಲ್ಲಿ ಲೊಚಗುಟ್ಟಿದರೆ ಅದು ನಿಜವಾಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಕೂಡಲೇ ಬೆರಳಿನ ಗೆಣ್ಣಿನಿಂದ ಮೂರು ಸಲ ಕುಟ್ಟಿ ‘ಕೃಷ್ಣ ಕೃಷ್ಣ’ ಎನ್ನಬೇಕು. ನಾನು ಗೋಡೆಯನ್ನೇ ಕುಟ್ಟಿದೆ. ಮರುದಿನವೂ ಕೇಳಿದೆ, ಮರುದಿನವೂ ಹಲ್ಲಿ ಹೌದೆಂದಿತು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅದು ಗೋಡೆಯಲ್ಲಿ ಹಾಜರಿರುತ್ತಿತ್ತು. ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ನಮ್ಮ ಮನೆಯವರು ನಕ್ಕರು. ‘ಆಸ್ಟ್ರೇಲಿಯಾದ ಹಲ್ಲಿಗೆ ಕನ್ನಡ ತಿಳೀತದೇನು? ಇಂಗ್ಲಿಷಿನ್ಯಾಗ ಕೇಳಬೇಕಿತ್ತು ನೋಡು.’

‘ದೇವರ ವಿಷಯದಾಗ ಚಾಷ್ಟಿ ಬ್ಯಾಡ್ರಿ,’ ಎಂದೆ.

ಎಂಟನೆಯ ದಿನ ನಾನು ಮೂರು ಸಲ ಕುಟ್ಟಿದಾಗ ಗೋಡೆಯೂ ತಿರುಗಿ ಮೂರು ಸಲ ಕುಟ್ಟಿತು. ದೀಪ ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದೆ. ಮರುದಿನ ಬೆಳಿಗ್ಗೆ ಬಾಗಿಲ ಬೆಲ್ಲಾಯಿತು. ತೆರೆದರೆ ಎತ್ತರದ, ತುಂಬಿದ ಮೈಯ ಹೆಂಗಸು. ತಲೆಗೆ ಕಂದು ವಸ್ತ್ರ, ಹೆಗಲಿಗೆ ಸುತ್ತಿದ ಶಾಲು, ಆ ಕಿವಿಗಳು.

‘ಮಗಳ, ದಿನಾ ಸಂಜೀಕೆ ಗ್ವಾಡಿ ಬಡೀತೀ,’ ಎಂದರು. ‘ನನ್ನ ಫೋನಿನ ಮಾತು ಭಾಳ ಜೋರಾಗ್ತದೇನು? ಮೊದಲನೇ ದಿನ ನೀ ಬಡದಿ, ನಾ ಸಣ್ಣಗ ಮಾತಾಡಿದೆ. ಮರುದಿನ ಇನ್ನೂ ಸಣ್ಣಗ. ಈಗ ಊರಾಗ ನಮ್ಮ ತಂಗಿ, ಏನೂ ಕೇಳಸೂದಿಲ್ಲ, ಬಾಯಾಗ ಅರಿವಿ ತುರಕೊಂಡೀ ಏನು ಅಂತ ಬೈಲಿಕತ್ತಾಳ.’

ಫೋನ್ ಕಾರ್ಡು ಉಜ್ಜಿ ದಿನವೂ ಅದೇ ಹೊತ್ತಿಗೆ ಅವರು ಊರಿಗೆ ಮಾತಾಡುತ್ತಿದ್ದರು. ಅವರ ಭಾಷೆಯಲ್ಲಿ ಮಾತಿನ ನಡುನಡುವೆ ನಾಲಿಗೆ ಲೊಚಗುಟ್ಟುತ್ತದೆ. ಅದು ಕನಿಕರವೂ ಅಲ್ಲ, ಬೇಸರವೂ ಅಲ್ಲ, ನಮ್ಮ ಕ ಚ ಟ ಇದ್ದಂತೆ ಅಕ್ಷರ. ಗೋಡೆಗೆ ಒರಗಿ ಅವರು ತಂಗಿಯೊಡನೆ ಕಷ್ಟಸುಖ ಹೇಳಿಕೊಳ್ಳುತ್ತಿದ್ದದ್ದನ್ನೇ ನಾನು ಹಲ್ಲಿಯೆಂದು ಪೂಜಿಸಿದ್ದೆ.

ಮುಚ್ಚಿಡಲಿಕ್ಕೆ ಬಾರದೆ ಎಲ್ಲ ಹೇಳಿಬಿಟ್ಟೆ. ಅವರು ಬಾಗಿಲ ಚೌಕಟ್ಟು ಹಿಡಿದು ನಕ್ಕರು, ನಕ್ಕು ಕಣ್ಣೊರೆಸಿಕೊಂಡರು. ಬೇಕೆಂದೇ ಒಮ್ಮೆ ‘ಲೊಚ್’ ಎಂದರು. ನನ್ನ ಕೈ ತಾನಾಗಿಯೇ ಬಾಗಿಲನ್ನು ಕುಟ್ಟಿತು, ‘ಕೃಷ್ಣ ಕೃಷ್ಣ’. ಮತ್ತೆ ನಕ್ಕರು. ಆಮೇಲೆ ಕೇಳಿದರು, ‘ಹಲ್ಲಿಗೆ ಏನು ಕೇಳ್ತಿದ್ದಿ?’

‘ನನ್ನ ಮಗ ಮಾತಾಡ್ತಾನೋ ಇಲ್ಲೋ ಅಂತ,’ ಎಂದೆ. ಎನ್ನುತ್ತಿದ್ದಂತೆಯೇ ನನಗೆ ಹೊಳೆಯಿತು: ಹಲ್ಲಿಯೇ ಇಲ್ಲವೆಂದ ಮೇಲೆ ಆ ‘ಹೌದು’ ಕೂಡ ಇಲ್ಲ. ಏಳು ದಿನದ ಸಂತೋಷ ಅಲ್ಲೇ ಕುಸಿದುಬಿತ್ತು. ಗುರುತಿಲ್ಲದವರ ಮುಂದೆ ನಿಂತು ಅತ್ತೆ.

ಅವರು ಒಳಗೆ ಬಂದು, ಹೇಳಿಸಿಕೊಳ್ಳದೆ ಕೂತರು. ಅವರ ಕಡೆ ಮನೆಗೆ ಹೋದವರು ನಿಂತು ಮಾತಾಡುವುದು ಮರ್ಯಾದೆಯಲ್ಲವಂತೆ, ಮೊದಲು ಕೂರಬೇಕಂತೆ. ಕೂತು, ಪುಟ್ಟೂನ ಕಡೆ ನೋಡುತ್ತ ಈ ಕತೆ ಹೇಳಿದರು.

‘ಎಲ್ಲಾರಕಿಂತ ಹಿರಿಯಾಂವ ಒಬ್ಬಾಂವ ಇದ್ದಾನಲ್ಲ, ಆಂವ ಗೋಸುಂಬಿ ಕರದು, ಹೋಗು, ಮಂದೀಗೆ ಸಾವಿಲ್ಲ ಅಂತ ಹೇಳಿ ಬಾ ಅಂದನಂತ. ಗೋಸುಂಬಿ ಹೊಂಟ್ತು. ಒಂದು ಹೆಜ್ಜಿ ಇಡೂದು, ಹಿಂದಮುಂದ ತೂಗೂದು, ಮತ್ತೊಂದು ಹೆಜ್ಜಿ. ದಾರ್ಯಾಗ ಒಂದು ಹಣ್ಣಿನ ಕಂಟಿ ಕಂಡ್ತು, ತಿನ್ನಕೋತ ಕೂತ್ತು. ಹಿರಿಯಾಂವಗ ಸಿಟ್ಟು ಬಂತು. ಹಲ್ಲಿ ಕರದು, ಸಾವದ ಅಂತ ಹೇಳು ಅಂದ. ಹಲ್ಲಿ ಒಂದ ಉಸುರಿಗೆ ಓಡಿ ಹೇಳಿಬಿಡ್ತು. ಆಮ್ಯಾಲೆ ಗೋಸುಂಬಿ ಬಂದು ಮುಟ್ಟಿತು. ಮಂದಿ ಅದರ ಮಾತು ಕೇಳಲಿಲ್ಲ. ನಮಗ ಹಲ್ಲಿ ಹೇಳಿದ್ದ ಖರೆ ಅಂದ್ರು.’

‘ಹಂಗಾದ್ರ ನಿಮ್ಮ ಕಡೆ ಹಲ್ಲಿ ಕೆಟ್ಟದ್ದು?’

‘ಓಡಿ ಬಂದ ಸುದ್ದಿ ಛಲೋ ಇರೂದಿಲ್ಲ, ಅಷ್ಟ. ನಿನ್ನ ಮಗ ಹಲ್ಲಿ ಅಲ್ಲ, ಗೋಸುಂಬಿ. ಛಲೋ ಮಾತು ಹೊತಗೊಂಡು ಬರ್ಲಿಕತ್ತಾನ. ದಾರ್ಯಾಗ ಹಣ್ಣು ತಿನ್ಲಿಕತ್ತಾನ. ತಿನ್ನಲಿ ಬಿಡು. ಬಂದಾಗ ಕೇಳಲಿಕ್ಕೆ ನೀ ಇದ್ದರ ಆತು.’

ಸಂಜೆ ಇದನ್ನು ನಮ್ಮ ಮನೆಯವರಿಗೆ ಹೇಳಿದೆ. ‘ನನ್ನ ಮಗಗ ಗೋಸುಂಬಿ ಅಂದ್ರಾ?’ ಎಂದರು. ‘ಹಂಗಾದ್ರ ಎಲೆಕ್ಷನ್ನಿಗೆ ನಿಲ್ಲಸೋಣು ಬಿಡು.’

ಅಂದಿನಿಂದ ಬೆಳಗಿನ ಹತ್ತು ಗಂಟೆಗೆ ಅವರು ನಮ್ಮ ಮನೆಗೆ ಬರುವುದು ರೂಢಿಯಾಯಿತು. ಸೊಂಟದಲ್ಲಿ ಪುಟ್ಟ ನಶ್ಯದ ಡಬ್ಬಿ ಇರುತ್ತಿತ್ತು. ಚಿಟಿಕೆ ಏರಿಸಿ, ಆಕಾಶ ನೋಡಿ, ಸೀನು ಬಾರದಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಜೋಳದ ನುಚ್ಚಿಗೆ ಮೊಸರು ಕಲಸಿ ಕೊಟ್ಟ ದಿನ ಬಟ್ಟಲನ್ನು ಎರಡೆರಡು ಸಲ ಮೂಸಿ ನೋಡಿದರು. ಅವರ ಊರಲ್ಲಿ ಮೆಕ್ಕೆಜೋಳದ ಉದುರು ಹಿಟ್ಟಿಗೆ ಹುಳಿಹಾಲು ಕಲಸಿ ತಿನ್ನುತ್ತಾರಂತೆ. ‘ಇದನ್ನ ನಿಮಗ ಕಲಿಸಿದವರು ಯಾರು?’ ಎಂದು ನನ್ನನ್ನೇ ವಿಚಾರಣೆ ಮಾಡಿದರು.

ಒಂದು ವಿಷಯ ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಮೊದಮೊದಲು ನಾನು ಅವರಿಗೆ ನೀರು, ಚಹಾ ಕೊಡುತ್ತಿದ್ದದ್ದು ಪೇಪರ್ ಕಪ್ಪಿನಲ್ಲಿ. ಪುಟ್ಟೂನ ಹುಟ್ಟುಹಬ್ಬಕ್ಕೆ ತಂದು ಉಳಿದ ಕಪ್ಪುಗಳಿದ್ದವು. ಅದನ್ನೇ ನೆಪ ಮಾಡಿಕೊಂಡಿದ್ದೆ. ದೇವರ ನೈವೇದ್ಯದ ಪಾತ್ರೆಗಳ ಜೊತೆ ತೊಳೆಯುವ ಸ್ಟೀಲ್ ಲೋಟ, ಹಂಚಿಕೊಳ್ಳಲು ಮನಸ್ಸು ಬರಲಿಲ್ಲ. ಅವರು ಯಾವುದನ್ನು ಕೊಟ್ಟರೂ ಎರಡೂ ಕೈ ಬೊಗಸೆ ಮಾಡಿ, ತಲೆ ಕೊಂಚ ಬಾಗಿಸಿ ತೆಗೆದುಕೊಳ್ಳುವವರು. ಆ ಪೇಪರ್ ಕಪ್ಪನ್ನೂ ಹಾಗೆಯೇ ಪ್ರಸಾದದಂತೆ ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಪುಟ್ಟು ಅವರ ಕೈಯ ಕಪ್ಪು ಕಸಿದು ಕುಡಿದುಬಿಟ್ಟ. ‘ಏ, ಎಂಜಲೋ ಅದು,’ ಎಂದು ನಾನು ಧಾವಿಸಿದೆ.

ಅವರಿಗೆ ಶಬ್ದ ತಿಳಿಯಲಿಲ್ಲ, ಮುಖ ತಿಳಿಯಿತು.

‘ಡರ್ಬನ್ನಿನಾಗ ನಾ ಕೆಲಸಕ್ಕಿದ್ದದ್ದು ನಿಮ್ಮ ದೇಶದಿಂದ ಬಂದವರ ಮನ್ಯಾಗನ,’ ಎಂದರು. ಸಿಟ್ಟಿರಲಿಲ್ಲ ದನಿಯಲ್ಲಿ. ‘ದೀಪಾ ಹಚ್ಚತಿದ್ರು, ನಿನ್ಹಂಗ. ಛಲೋ ಮಂದಿ. ಹಬ್ಬಕ್ಕ ಹೊಸ ಅರಿವಿ ಕೊಡ್ತಿದ್ರು, ನನ್ನ ಮಕ್ಕಳಿಗೆ ಸಿಹಿ ಕಟ್ಟಿ ಕಳಸ್ತಿದ್ರು. ನನ್ನ ತಗಡಿನ ಮಗ್ ಮಾತ್ರ ಹಿತ್ತಲ ಬಾಗಿಲಿನ ಮೊಳಿಗೆ ತೂಗಹಾಕಿದ್ರು. ಹತ್ತೊಂಬತ್ತು ವರ್ಷ.’

ಅಷ್ಟೇ ಹೇಳಿ ಬಟಾಣಿ ಸುಲಿಯತೊಡಗಿದರು. ಮರುದಿನ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟೆ. ಅವರು ಅದನ್ನೂ ಎರಡು ಕೈಯಲ್ಲಿಯೇ ತೆಗೆದುಕೊಂಡರು, ವ್ಯತ್ಯಾಸ ಕಂಡವರ ಹಾಗೆ ತೋರಿಸಿಕೊಳ್ಳಲಿಲ್ಲ. ಆ ದಿನದ ಮೂರನೆಯ ಉಪಕಾರ ಅದೇ ಎಂದು ದೇವರ ಮುಂದೆ ಒಪ್ಪಿಕೊಂಡೆ. ಆಮೇಲೆ ಆ ಲೋಟ ಅವರದೇ ಆಯಿತು. ನಾನು ಕೊಡುವುದು ಹೋಗಿ ಅವರೇ ಅರೆಯಿಂದ ತೆಗೆದುಕೊಳ್ಳುವಷ್ಟು.

ಹೆಸರಿನ ಸಂಗತಿ ಬಂದದ್ದು ಹೀಗೆ. ನಮ್ಮ ಮನೆಯವರಿಗೆ ಬಂದ ಟಪಾಲು ತಪ್ಪಿ ಅವರ ಪೆಟ್ಟಿಗೆಗೆ ಬಿದ್ದಿತ್ತು. ‘ಇದು ನಿನ್ನ ಗಂಡನ ಹೆಸರೇನು?’ ಎಂದು ಓದಲು ಕೊಟ್ಟರು. ನಾನು ನೋಡಿ, ‘ಹೌದು, ಅವರದ,’ ಎಂದೆ. ‘ಹೆಸರು ಹೆಂಗ ಅನ್ನಬೇಕು?’ ಎಂದರು. ನಾನು ಸುಮ್ಮನೆ ನಕ್ಕೆ. ಎರಡನೆಯ ಸಲ ಕೇಳಿದರು. ಮತ್ತೆ ನಕ್ಕೆ. ಅವರ ಕಣ್ಣು ಅಗಲವಾಯಿತು.

‘ನೀನೂ ಅನ್ನೂದಿಲ್ಲಾ?’

ಅವರ ಕಡೆ ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ತರುವಂತಿಲ್ಲ. ಹೆಸರಷ್ಟೇ ಅಲ್ಲ, ಆ ಹೆಸರಿನ ಸದ್ದು ಯಾವ ಮಾತಿನಲ್ಲಿ ಅಡಗಿದೆಯೋ ಆ ಮಾತನ್ನೂ ಆಡುವಂತಿಲ್ಲ. ಅದಕ್ಕೆ ಬದಲಿಯಾಗಿ ಬೇರೆ ಶಬ್ದ, ಸೊಸೆಯಂದಿರಿಗೆಂದೇ ಇರುವ ಶಬ್ದ. ಹಿಂದಿನ ಹೆಂಗಸರಿಗೆ ಅದರದೇ ಒಂದು ಭಾಷೆ ಇತ್ತಂತೆ. ‘ಮಾವ ಸತ್ತು ಎಷ್ಟೋ ವರ್ಷ ಆತು,’ ಎಂದರು ಗೋಗೊ. ‘ಈಗಿನ ಹುಡುಗ್ಯಾರು ಎಲ್ಲಾ ಬಿಟ್ಟಾರ. ನನ್ನ ನಾಲಿಗಿ ಮಾತ್ರ ಕೇಳೂದಿಲ್ಲ. ನನ್ನ ಮಗಳು ನಗ್ತಾಳ.’

ನಾನು ನಮ್ಮ ಅಜ್ಜಿಯ ಕತೆ ಹೇಳಿದೆ. ಅಜ್ಜನ ಹೆಸರು ಗೋವಿಂದ. ಭಜನೆಯಲ್ಲಿ ಎಲ್ಲರೂ ‘ಗೋವಿಂದಾ ಗೋವಿಂದ’ ಎನ್ನುವಾಗ ಅಜ್ಜಿ ತುಟಿ ಬಿಗಿದುಕೊಂಡು ಕೂರುತ್ತಿದ್ದಳು. ಕೊನೆಗಾಲದಲ್ಲಿ ಯಾರೋ ‘ಗೋವಿಂದ ಅನ್ನವ್ವಾ, ಪುಣ್ಯ ಬರ್ತದ’ ಎಂದರೆ, ‘ಆ ಹೆಸರಿನವರನ್ನ ಜೀವನಪೂರ್ತಿ ಸಾಕೇನಿ, ಅಷ್ಟು ಪುಣ್ಯ ಸಾಕು’ ಎಂದಳಂತೆ. ಗೋಗೊ ನಗುತ್ತ ನಶ್ಯವನ್ನೆಲ್ಲ ಚೆಲ್ಲಿಕೊಂಡರು.

ಅವರು ನನ್ನನ್ನು ಕರೆಯುತ್ತಿದ್ದದ್ದು ‘ಮಾಮಾ ಕಾ-ಪುಟ್ಟು’ ಎಂದು, ಅಂದರೆ ಪುಟ್ಟೂನ ಅಮ್ಮ. ಅಮ್ಮನೆಂದು ಕರೆಯದ ಮಗನ ತಾಯಿಗೆ ಆ ಕರೆಯೇ ಎಷ್ಟೋ ಆಗಿತ್ತು.

ಆ ಹೊತ್ತಿಗೆ ಪುಟ್ಟೂನನ್ನು ಮಾತಿನ ಡಾಕ್ಟರರೊಬ್ಬರಿಗೆ ತೋರಿಸಿದೆವು. ಮನೆಯಲ್ಲಿ ಎರಡು ಭಾಷೆ ಬೇಡ, ಮಗುವಿಗೆ ಗೊಂದಲ, ಇಂಗ್ಲಿಷ್ ಒಂದನ್ನೇ ಮಾತಾಡಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಮ್ಮ ಮನೆಯವರೂ ‘ಡಾಕ್ಟರ್ ಹೇಳಿದ ಮ್ಯಾಲೆ ಮುಗೀತು’ ಎಂದರು. ಅಂದಿನಿಂದ ನಾನು ಮಗನೊಡನೆ ಇಂಗ್ಲಿಷ್ ಆಡಲು ಹೊರಟೆ. ‘ಕಮ್.’ ‘ಸಿಟ್.’ ‘ಈಟ್.’ ಅಷ್ಟಕ್ಕೆ ನನ್ನ ಬಂಡವಾಳ ಮುಗಿಯುತ್ತಿತ್ತು. ಅವನಿಗೆ ಎಣ್ಣೆ ಹಚ್ಚುವಾಗ ಹೇಳುವ ಹಾಡು, ಉಣ್ಣಿಸುವಾಗ ಕಾಗೆ ಗುಬ್ಬಿಯನ್ನು ಕರೆಯುವ ಮಾತು, ಬಿದ್ದಾಗ ನೆಲಕ್ಕೆ ಹೊಡೆದು ಬೈಯುವ ಬೈಗುಳ, ಯಾವುದಕ್ಕೂ ನನ್ನಲ್ಲಿ ಇಂಗ್ಲಿಷ್ ಇರಲಿಲ್ಲ. ನಾಯಿಗೆ ಆಜ್ಞೆ ಮಾಡುವಂತೆ ಒಂದೊಂದು ಶಬ್ದ ಹೇಳಿ ಸುಮ್ಮನಾಗುತ್ತಿದ್ದೆ. ತಪ್ಪಿ ಕನ್ನಡ ಬಂದುಬಿಟ್ಟೀತೆಂಬ ಹೆದರಿಕೆಗೆ ಆಮೇಲೆ ಅದನ್ನೂ ಬಿಟ್ಟೆ. ಹದಿನೈದು ದಿನದಲ್ಲಿ ಮನೆಯಲ್ಲಿ ಮೂಕರು ಇಬ್ಬರಾದರು.

ಗೋಗೊ ಬಂದು ಕೂತರು. ‘ನಿಮ್ಮ ಮನ್ಯಾಗ ಯಾರರೆ ಸತ್ತಾರೇನು?’ ಎಂದರು.

‘ಇಲ್ಲಲ್ಲ.’

‘ಮತ್ತ ಗ್ವಾಡಿ ಯಾಕ ಸುಮ್ಮನಾತು? ಮುಂಜಾನಿಂದ ಸಂಜೀತನಾ ಹಾಡು, ಬೈಗುಳ ಕೇಳಸ್ತಿದ್ದು. ತಿಳೀದಿದ್ರೂ ನನಗ ಹೊತ್ತು ಹೋಗ್ತಿತ್ತು.’

ಡಾಕ್ಟರ ಮಾತು ಹೇಳಿದೆ. ಅವರು ನಶ್ಯದ ಡಬ್ಬಿ ಮುಚ್ಚಿಟ್ಟರು. ಆಮೇಲೆ ಹೇಳಿದರು: ‘ನಾ ಹತ್ತೊಂಬತ್ತು ವರ್ಷ ಮಂದೀ ಮಕ್ಕಳ ಜೋಡಿ ಮಂದೀ ಭಾಷಾದಾಗ ಮಾತಾಡಿದೆ. ನನ್ನ ಮಕ್ಕಳು ಗುಡ್ಡದ ಮ್ಯಾಲೆ ಊರಾಗ, ಅಜ್ಜಿ ಕಡೆ. ತಿಂಗಳಿಗೊಮ್ಮೆ ಹೋದ್ರ ಸಣ್ಣಾಕಿ ನನ್ನ ದನಿಗೆ ಹೆದರಿ ಅಜ್ಜಿ ಹಿಂದ ಅಡಗತಿದ್ದಳು. ಈಗ ನೋಡಲಾ, ನನ್ನ ಕರೆಸಿಕೊಂಡು ಸಾಕಲಿಕತ್ತಾಳ. ಆದ್ರೂ ಆ ಅಡಗಿದ್ದು ನನ್ನ ಕಣ್ಣಾಗದ. ನಿನಗ ದೇವರು ಕೂಸು ಮಡಿಲಾಗ ಕೊಟ್ಟು ಬಾಯಿ ಕೊಟ್ಟಾನ. ಆ ಬಾಯಿಗೆ ನೀನ ಅರಿವಿ ತುರಕೋತೀಯಾ? ಇಂಗ್ಲಿಷು ಈ ಊರಾಗ ಗಾಳಿ ಇದ್ಹಂಗ, ತಾನ ಒಳಗ ಬರ್ತದ. ನಿನ್ನ ಭಾಷಾ ನೀ ಕೊಟ್ಟರಷ್ಟ ಬರ್ತದ.’

‘ಇನ್ನೂ ಗೊಂದಲ ಆದ್ರ?’

‘ಆಗಲಿ, ನಾನೂ ಸ್ವಲ್ಪ ಕಲಸ್ತೀನಿ,’ ಎಂದು ನಕ್ಕು, ಅಂದೇ ಪುಟ್ಟೂನನ್ನು ತೊಡೆಯ ಮೇಲೆ ಕೂರಿಸಿಕೊಂಡು ತಮ್ಮ ಭಾಷೆಯಲ್ಲಿ ಏನೋ ಹೇಳತೊಡಗಿದರು.

ಮನೆಯವರಿಗೆ ನಾನು ಹೇಳಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಒಂದು ವಿಷಯ ಬಚ್ಚಿಟ್ಟೆ. ಹಗಲೆಲ್ಲ ನಾನು ಕನ್ನಡ, ಗೋಗೊ ಜುಲು. ಸಂಜೆ ಇವರು ಬಂದ ಮೇಲೆ ‘ಕಮ್, ಸಿಟ್, ಈಟ್’. ಅವರ ಭಾಷೆಯಲ್ಲಿ ಲೊಚಗುಟ್ಟುವ ಸದ್ದು ಮೂರು ಬಗೆ: ಒಂದು ನಮ್ಮ ಹಲ್ಲಿಯದು, ಒಂದು ಎತ್ತು ಹೊಡೆಯುವಾಗ ಕೆನ್ನೆಯಲ್ಲಿ ಮಾಡುವಂಥದು, ಒಂದು ಬಾಟಲಿಯ ಬಿರಡೆ ಕಿತ್ತಂತೆ ಟೊಕ್ ಎನ್ನುವುದು. ಒಂದು ದಿನ ಪುಟ್ಟು ಅವರ ಬಾಯನ್ನೇ ನೋಡುತ್ತಿದ್ದವನು ಟೊಕ್ ಎಂದ. ಗೋಗೊ ಟೊಕ್ ಎಂದರು. ಅವನು ಮತ್ತೆ ಎಂದ. ಇಬ್ಬರೂ ಅರ್ಧ ಗಂಟೆ ಎರಡು ಬಾಟಲಿಗಳಂತೆ ಮಾತಾಡಿಕೊಂಡರು. ನನಗೆ ಆ ಸದ್ದು ಎಷ್ಟು ಯತ್ನಿಸಿದರೂ ಬರಲಿಲ್ಲ. ‘ನಿನ್ನ ನಾಲಿಗಿ ಭಾಳ ಮಡಿ,’ ಎಂದು ಗೋಗೊ ಚೇಷ್ಟೆ ಮಾಡಿದರು.

ಆ ಜನವರಿಯ ಸೆಕೆಯ ಮಧ್ಯಾಹ್ನ ನನ್ನ ಕಣ್ಣಿಗೆ ಕಟ್ಟಿದಂತಿದೆ. ನಾನು ಚಪಾತಿ ಲಟ್ಟಿಸುತ್ತಿದ್ದೆ, ಬೆನ್ನ ಹಿಂದೆ ನಲ್ಲಿ. ಗೋಗೊ ಕುರ್ಚಿಯಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದರು. ಬಾಲ್ಕನಿಯಲ್ಲಿ ಆಡುತ್ತಿದ್ದ ಪುಟ್ಟು ಬೆವರಿ ಕೆಂಪಾಗಿ ಒಳಗೆ ಬಂದ. ನನ್ನ ಎದುರು ನಿಂತ. ಮುಖವೆತ್ತಿ, ಒಂದೊಂದೇ ಅಕ್ಷರ ಎತ್ತಿ ಇಟ್ಟಂತೆ ಹೇಳಿದ: ‘ಅಮಾ… ದಾಂಬಿ.’

ಲಟ್ಟಣಿಗೆ ಕೈಯಿಂದ ಬಿತ್ತು. ‘ಅಮ್ಮ ಅಂದಾ. ಗೋಗೊ, ಕೇಳಿದ್ರಾ? ಅಮ್ಮ ಅಂದಾ.’ ಹಿಟ್ಟಿನ ಕೈಯಲ್ಲೇ ಅವನನ್ನು ಅಪ್ಪಿಕೊಂಡು ನೆಲಕ್ಕೆ ಕೂತು ಅತ್ತೆ. ಗೋಗೊ ಎದ್ದರು. ಅರೆಯಿಂದ ತಮ್ಮ ಸ್ಟೀಲ್ ಲೋಟ ತೆಗೆದು, ನಲ್ಲಿ ತಿರುಗಿಸಿ ತುಂಬಿ, ನನ್ನ ತೋಳಿನೊಳಗಿದ್ದ ಅವನ ಬಾಯಿಗೆ ಹಿಡಿದರು. ನನ್ನ ಅಳು ಕಂಡು ಮಗು ಹೆದರಿದೆಯೆಂದು ನೀರು ಕೊಡುತ್ತಿದ್ದಾರೆ ಎಂದುಕೊಂಡೆ. ಅವನು ಗಟಗಟ ಕುಡಿದು ಲೋಟ ಬರಿದು ಮಾಡಿದ.

‘ಅಂದನಲ್ಲ, ಗೋಗೊ?’

ಅವರು ಸ್ವಲ್ಪ ತಡೆದರು. ಆಮೇಲೆ ನನ್ನ ಕೆನ್ನೆಯ ಹಿಟ್ಟು ಒರೆಸಿ ಹೇಳಿದರು, ‘ಹೌದು ಮಗಳ. ನಿನ್ನನ್ನ ಕರದಾ. ಗೋಸುಂಬಿ ಬಂದು ಮುಟ್ಟಿತು.’

ಇವರಿಗೆ ಆಫೀಸಿಗೆ ಫೋನ್ ಮಾಡಿದೆ. ‘ಅಮ್ಮ ಅಂದಾ? ಇಂಗ್ಲಿಷಿನ್ಯಾಗ ಕಲಿಸಿದ್ರ ಮಮ್ಮಿ ಅನಬೇಕಲ್ಲ,’ ಎಂದರು. ನನ್ನ ಕಳ್ಳತನ ಅಲ್ಲಿಗೆ ಬಯಲಾಯಿತು, ಆದರೆ ಅವರು ಬೈಯಲಿಲ್ಲ. ‘ಮತ್ತೇನಂದಾ?’ ಎಂದರು. ‘ಅಮ್ಮಾ ದಾಂಬಿ ಅಂದಾ.’ ‘ದಾಂಬಿ ಅಂದ್ರ?’ ‘ಏನೋಪಾ, ಅವಗ ಗೊತ್ತು.’ ಅಂದಿನಿಂದ ಸಿಟ್ಟು ಬಂದಾಗಲೆಲ್ಲ ಇವರು ನನಗೆ ‘ದಾಂಬಿ ಅಮ್ಮಾರ’ ಎನ್ನತೊಡಗಿದರು. ಊರಿನ ಹನುಮಪ್ಪನಿಗೆ ಗಂಟೆ ಕಟ್ಟಿಸುವ ಹರಕೆಯನ್ನು ನಮ್ಮ ತಾಯಿ ತೀರಿಸಿದಳು. ಮಾತೇನು, ಅಲ್ಲಿಂದ ಮುಂದೆ ಆರು ತಿಂಗಳಲ್ಲಿ ಕಟ್ಟೆಯೊಡೆದಂತೆ ಬಂತು. ಕನ್ನಡ, ಗಾಳಿಯಲ್ಲಿ ಬಂದ ಇಂಗ್ಲಿಷ್, ನಡುವೆ ಟೊಕ್.

ಎರಡು ವರ್ಷದ ಮೇಲೆ ಇವರಿಗೆ ಮೆಲ್ಬರ್ನಿನಲ್ಲಿ ಕೆಲಸವಾಗಿ ನಾವು ಅಲ್ಲಿನ ಕ್ಲೇಟನ್ ಬಡಾವಣೆಗೆ ಹೊರಟೆವು. ಸಾಮಾನು ಸಾಗಿಸಿ ಖಾಲಿಯಾದ ಕೋಣೆಯಲ್ಲಿ, ದೇವರಿದ್ದ ಜಾಗದಲ್ಲಿ ನಿಂತು ಗೋಡೆಯನ್ನು ಮೂರು ಸಲ ಕುಟ್ಟಿದೆ. ಆಚೆಯಿಂದ ಮೂರು ಸಲ ಬಂತು. ಬಾಗಿಲಿಗೆ ಹೋಗಿ ಸ್ಟೀಲ್ ಲೋಟವನ್ನು ಅವರ ಕೈಗಿಡಲು ಹೋದೆ. ‘ಅದು ಅಲ್ಲೇ ನಿನ್ನ ಮನ್ಯಾಗ ಇರಲಿ,’ ಎಂದರು. ‘ನಂದು ಅಂತ ಒಂದು ಒಳಗಿನ ಅರಿಯೊಳಗ ಇರಲಿ.’

ಆಮೇಲೆ ಹಬ್ಬಗಳಿಗೆ ಫೋನ್. ಪುಟ್ಟು ಟೊಕ್ ಎಂದರೆ ಅಲ್ಲಿಂದ ಟೊಕ್. ಒಂದು ವರ್ಷ, ಮೊಣಕಾಲು ನೋವು, ನನ್ನ ಗುಡ್ಡ ನೋಡಬೇಕು ಎಂದು ಊರಿಗೆ ಹೋದರು. ಮರು ಚಳಿಗಾಲದಲ್ಲಿ ಮಗಳ ಫೋನ್ ಬಂತು. ನಿದ್ದೆಯಲ್ಲೇ ಹೋದರಂತೆ, ಗಂಡನ ಮನೆಯ ಅಂಗಳದಲ್ಲೇ ಮಣ್ಣು ಮಾಡಿದರಂತೆ. ಏಳು ವರ್ಷದ ಪುಟ್ಟೂಗೆ ಹೇಳಿದೆ. ಗೋಸುಂಬಿಯ ಕತೆಯನ್ನು ನನ್ನಿಂದ ಎಷ್ಟೋ ಸಲ ಕೇಳಿದ್ದ ಅವನು, ‘ಸೋ, ಲಿಜರ್ಡ್ ಫಸ್ಟ್ ಬಂತಾ ಅಮ್ಮ?’ ಎಂದ.

ಅದರ ಮರು ವರ್ಷ ಮಗಳು ಯಾವುದೋ ಟ್ರೇನಿಂಗಿಗೆಂದು ಮೆಲ್ಬರ್ನಿಗೆ ಬಂದವಳು ನಮ್ಮ ಮನೆಗೆ ಊಟಕ್ಕೆ ಬಂದಳು. ನುಚ್ಚು ಮೊಸರು ಮಾಡಿದ್ದೆ. ಉಪ್ಪು ತರಲು ನಾನು ತಡಮಾಡಿದಾಗ ಇವರು ರೂಢಿಯಂತೆ, ‘ದಾಂಬಿ ಅಮ್ಮಾರ, ಲಗೂನ ಬರ್ರಿ,’ ಎಂದರು.

ಮಗಳು ಚಮಚ ಕೆಳಗಿಟ್ಟಳು. ‘ಏನಂದ್ರಿ?’

ಇವರು ಹಿಗ್ಗಿನಿಂದ ಕತೆ ಹೇಳಿದರು: ಮಗನ ಮೊದಲ ಮಾತು, ಅಮ್ಮಾ ದಾಂಬಿ.

ಅವಳ ಕಣ್ಣು ತುಂಬಿತು. ‘ಅಮಾಂದಾಂಬಿ,’ ಎಂದಳು ನಿಧಾನವಾಗಿ. ‘ಅದು ನೀರು. ನಾವು ನೀರಿಗೆ ಅಮಾಂಜಿ ಅಂತೀವಿ. ನಮ್ಮ ಅಜ್ಜನ ಹೆಸರಿನೊಳಗ ಆ ಸದ್ದಿತ್ತು. ಅದಕ್ಕ ನಮ್ಮವ್ವ ಬಾಳೆಲ್ಲಾ ನೀರಿಗೆ ಸೊಸೆಯಂದಿರ ಶಬ್ದನ ಅಂದ್ಲು, ಅಮಾಂದಾಂಬಿ.’ ಆಮೇಲೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. ‘ಅಯ್ಯೋ, ಹೇಳಬಾರದಿತ್ತು. ಆ ಸಂಜೆ ನಾ ಡ್ಯೂಟಿ ಮುಗಿಸಿ ಬಂದಾಗ ಅವ್ವ ಹೇಳಿದ್ಲು. ಹುಡುಗ ನನ್ನ ಭಾಷಾದಾಗ ನೀರು ಕೇಳ್ಯಾನ, ಅವರಮ್ಮ ತನ್ನನ್ನ ಕರದಾ ಅಂತ ಅಳ್ಲಿಕತ್ತಿದ್ಲು. ನೀ ಎಂದೂ ಬಾಯಿ ಬಿಡಬ್ಯಾಡ ಅಂದಿದ್ಲು.’

ಏನಾದರೊಂದು ಚೇಷ್ಟೆ ಮಾಡುವ ಇವರೂ ತಟ್ಟೆ ನೋಡುತ್ತ ಕೂತರು. ನನಗೆ ಆ ಮಧ್ಯಾಹ್ನ ಮತ್ತೆ ಕಂಡಿತು. ಪುಟ್ಟು ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಬೆನ್ನ ಹಿಂದಿನ ನಲ್ಲಿಯನ್ನು. ಗೋಗೊ ತಡೆದ ಆ ಒಂದು ಕ್ಷಣ. ಆ ಮಗುವಿನ ಮೊದಲ ಮಾತು ನ್ಯಾಯವಾಗಿ ಅವರದು. ಸ್ವಂತ ಮಗಳು ತನ್ನ ದನಿಗೆ ಹೆದರಿ ಅಡಗಿದ್ದನ್ನು ಕಂಡಿದ್ದ ಹೆಂಗಸು, ತನ್ನ ಭಾಷೆಯಲ್ಲಿ ಒಂದು ಮಗು ಬಾಯಿ ತೆರೆದದ್ದನ್ನು ಕೇಳಿಯೂ ಅದನ್ನೆತ್ತಿ ನನ್ನ ಮಡಿಲಿಗೆ ಹಾಕಿ, ತಾನು ಲೋಟ ತೊಳೆದಿಟ್ಟು ಹೋಗಿದ್ದಳು.

ದುಃಖವಾಯಿತೇ ಎಂದು ಮಗಳು ಕೇಳಿದಳು. ಇಲ್ಲ ಎಂದೆ. ನಿಜವಾಗಿಯೂ ಇರಲಿಲ್ಲ. ಅಮ್ಮ ಎಂದು ಅವನು ಆಮೇಲೆ ಸಾವಿರ ಸಲ ಕರೆದಿದ್ದಾನೆ. ಆದರೆ ಆ ದಿನ ಬೇಕಿತ್ತು ನನಗೆ. ಅದು ಅವರಿಗೆ ಗೊತ್ತಿತ್ತು.

ಗೋಗೊ ಎಂದಷ್ಟೇ ಬರೆದು ಅವರ ಹೆಸರು ಬರೆಯದಿರುವುದು ಅದಕ್ಕೇ. ಹಿರಿಯರ ಹೆಸರು ಬಾಯಲ್ಲಿ ತರಬಾರದೆಂದು ಅವರ ಮನೆಯಲ್ಲೂ ಕಲಿಸಿದ್ದರು, ನಮ್ಮ ಮನೆಯಲ್ಲೂ ಕಲಿಸಿದ್ದರು. ನನ್ನ ಮಟ್ಟಿಗೆ ಅವರು ಆ ಹಿರಿಯರ ಸಾಲಿಗೆ ಸೇರಿದವರು. ಸಂಜೆ ದೀಪ ಹಚ್ಚುವ ಮುಂಚೆ ಒಳಗಿನ ಅರೆಯಿಂದ ಆ ಸ್ಟೀಲ್ ಲೋಟ ತೆಗೆದು ತುಂಬಿ ದೇವರ ಮುಂದಿಡುತ್ತೇನೆ. ಇಡುವಾಗ ‘ನೀರು’ ಎನ್ನುವುದಿಲ್ಲ.